ಒಂದೇ ಶೂ ಸಾಕು ಅಂದವರಿಗೆ ನನ್ನ ಲೆಕ್ಕ

"ಮೂರು ಜೊತೆ ಯಾಕೆ ಮೇಡಂ, ಒಂದು ಒಳ್ಳೆ ಟ್ರೈನಿಂಗ್ ಶೂ ತಗೊಳ್ಳಿ, ಎಲ್ಲಕ್ಕೂ ಆಗುತ್ತೆ" ಅಂತ ನಮ್ಮ ಜಿಮ್ ಟ್ರೈನರ್ ಹೇಳಿದ್ದರು. ಷಟಲ್ ಗುಂಪಿನಲ್ಲೂ ಅದೇ ಮಾತು. ನಮ್ಮ ಅತ್ತೆಯಂತೂ ಬಾಗಿಲ ಪಕ್ಕದ ಸ್ಟ್ಯಾಂಡ್ ನೋಡಿ "ಇರೋದು ಎರಡೇ ಕಾಲಲ್ವೇನೇ?" ಅಂದಿದ್ದರು. ಹೆಚ್ಚುಕಡಿಮೆ ಎರಡು ವರ್ಷವಾಯಿತು. ಕಾಲಲ್ಲಿ ಬೊಬ್ಬೆ ಇಲ್ಲ, ಉಗುರು ಕಪ್ಪಾಗಿಲ್ಲ, ಮಂಡಿ ತಕರಾರು ಎತ್ತಿಲ್ಲ. ದುಡ್ಡೂ ಉಳಿದಿದೆ. ಈಗ ಅದೇ ಗುಂಪಿನವರು ಶೂ ಕೊಳ್ಳುವ ಮೊದಲು ನನಗೆ ಫೋಟೋ ಕಳಿಸುತ್ತಾರೆ. ಎಲ್ಲರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲೇ ಬರೆದುಬಿಡೋಣ ಅನ್ನಿಸಿತು.

ನನ್ನ ವಾರ ಹೀಗೆ: ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಸುತ್ತ ಓಟ, ಸಂಜೆ ಎರಡು ಮೂರು ದಿನ ವೇಯ್ಟ್ಸ್, ಭಾನುವಾರ ಷಟಲ್. ಮನಸ್ಸು ಬಂದಾಗ ಚಾಮುಂಡಿ ಬೆಟ್ಟದ ಮೆಟ್ಟಿಲು.

ಮೊದಲು ಇದಕ್ಕೆಲ್ಲ ಒಂದೇ ಶೂ ಇತ್ತು. ಸುಮಾರು ಆರು ಸಾವಿರದ ಓಟದ ಶೂ. ಎಂಟು ತಿಂಗಳಲ್ಲಿ ಅದರ ಹಿಮ್ಮಡಿಯ ಹೊರಬದಿ ಸವೆದು ಓರೆಯಾಗಿತ್ತು. ಹೆಗಲ ಮೇಲೆ ಭಾರ ಹೊತ್ತು ಕೂತೇಳುವ ಸ್ಕ್ವಾಟ್ ಮಾಡುವಾಗ ಮೆತ್ತನೆ ಸೋಲ್ ಒಂದು ಕಡೆಗೆ ಕುಸಿಯುತ್ತಿತ್ತು. ಷಟಲ್ ಕೋರ್ಟಿನಲ್ಲಿ ಪಕ್ಕಕ್ಕೆ ನುಗ್ಗಿದಾಗ ಕಾಲು ಉಳುಕಿತು. ಫಿಸಿಯೋಥೆರಪಿಗೆ ಐದಾರು ಸಾವಿರ ಹೋಯಿತು, ಒಂದೂವರೆ ತಿಂಗಳು ಮನೆಯಲ್ಲಿ ಕೂತೆ. ಓಟದ ಶೂ ಮುಂದಕ್ಕೆ ಹೋಗಲಿಕ್ಕೆ ಮಾಡಿದ್ದು. ಹಿಮ್ಮಡಿ ಎತ್ತರ, ಕೆಳಗೆ ದಪ್ಪ ಫೋಮು. ಅದನ್ನು ಹಾಕಿಕೊಂಡು ಅಡ್ಡಕ್ಕೆ ಜಿಗಿದರೆ ಅದೇನು ಮಾಡೀತು ಪಾಪ.

ಆಮೇಲೆ ನಾನು ಮಾಡಿದ್ದಿಷ್ಟೇ: ಒಂದೊಂದು ಕೆಲಸಕ್ಕೆ ಒಂದೊಂದು ಶೂ ಇಟ್ಟೆ, ದುಡ್ಡನ್ನು ಒಂದೇ ಕಡೆ ಸುರಿದೆ. ಓಟಕ್ಕೆ ಮಾತ್ರ ದುಬಾರಿ ಶೂ, ಉಳಿದದ್ದೆಲ್ಲ ಅಗ್ಗದ್ದು.

ವೇಯ್ಟ್ಸ್‌ಗೆ ನಾನೂರೈವತ್ತು ರೂಪಾಯಿಯ ಕ್ಯಾನ್ವಾಸ್ ಶೂ. ಸ್ಕೂಲ್ ಮಕ್ಕಳು ಪಿಟಿಗೆ ಹಾಕುವಂಥದ್ದು. ಸೋಲ್ ಚಪ್ಪಟೆ, ಗಟ್ಟಿ, ಮಿಸುಕಾಡಲ್ಲ. ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್‌ಗೆ ಅದನ್ನೂ ಬಿಚ್ಚಿ ಸಾಕ್ಸಲ್ಲೇ ನಿಲ್ಲುತ್ತೇನೆ. ಟ್ರೈನರ್ ಬೇಡ ಅಂದರು. "ಗರಡಿಯಲ್ಲಿ ಪೈಲ್ವಾನರು ಯಾವ ಶೂ ಹಾಕ್ತಿದ್ರು ಸಾರ್?" ಅಂತ ಕೇಳಿದೆ. ಮೈಸೂರಿನಲ್ಲಿ ಈ ಪ್ರಶ್ನೆಗೆ ಯಾರೂ ಎದುರಾಡಲ್ಲ. ಎಂಬತ್ತು ಕೆಜಿ ಎತ್ತಿದ ದಿನ ಅವರೇ ವಿಡಿಯೋ ಮಾಡಿದರು. ಕಾಲ ಮೇಲೆ ತೂಕದ ಪ್ಲೇಟ್ ಬಿದ್ದರೆ ಕ್ಯಾನ್ವಾಸ್ ಆಗಲಿ ಓಟದ ಶೂ ಆಗಲಿ ಕಾಪಾಡಲ್ಲ ಬಿಡಿ.

ನಡುವೆ ಸ್ಕ್ವಾಟ್‌ಗೆಂದೇ ಇರುವ, ಗಟ್ಟಿ ಎತ್ತರ ಹಿಮ್ಮಡಿಯ ಶೂ ಮೇಲೆ ಆಸೆಯಾಯಿತು. ಎಂಟು ಸಾವಿರದ ಮೇಲೆ ಬೆಲೆ. ಕೊಳ್ಳುವ ಮುಂಚೆ ಎರಡೂವರೆ ಕೆಜಿಯ ಎರಡು ಪ್ಲೇಟ್ ಹಿಮ್ಮಡಿ ಕೆಳಗಿಟ್ಟು, ಪ್ಲೇಟ್ ಹಾಕದ ಬರೀ ಕಬ್ಬಿಣದ ಕೋಲಷ್ಟೇ ಹೆಗಲ ಮೇಲಿಟ್ಟುಕೊಂಡು ಕೆಲವು ವಾರ ನೋಡಿದೆ. ಕೂರುವ ಆಳ ಹೆಚ್ಚುಕಡಿಮೆ ಅಷ್ಟೇ ಇತ್ತು. ಅಂದರೆ ನನ್ನ ಪಾದದ ಕೀಲು ಸರಿಯಾಗೇ ಬಾಗುತ್ತದೆ, ಆ ಶೂ ನನಗೆ ಬೇಡ. ಬಾಗದವರಿಗೆ ಅದು ನಿಜಕ್ಕೂ ಉಪಯೋಗ, ನನ್ನ ಗೆಳತಿಗೆ ತುಂಬಾ ಆಯಿತು.

ಓಟದ ಶೂ ವಿಷಯಕ್ಕೆ ಬರೋಣ. ನನ್ನದು ಅಗಲ ಪಾದ. ಹೆಂಗಸರ ಮಾಡೆಲ್ ಸಾಮಾನ್ಯವಾಗಿ ಗಂಡಸರದ್ದಕ್ಕಿಂತ ಕಿರಿದು. ಅಂಗಡಿಯಲ್ಲಿ ಹಾಕಿ ನಡೆದರೆ ಗೊತ್ತೇ ಆಗಲ್ಲ, ಐದನೇ ಕಿಲೋಮೀಟರಿಗೆ ಕಿರುಬೆರಳು ಉರಿಯುತ್ತದೆ. ಅದಕ್ಕೆ ನಾನು ಶೂ ಒಳಗಿನ ಇನ್‌ಸೋಲ್ ಹೊರಗೆಳೆದು ನೆಲಕ್ಕೆ ಹಾಕಿ ಅದರ ಮೇಲೆ ನಿಲ್ಲುತ್ತೇನೆ. ಕಿರುಬೆರಳು ಅಂಚು ದಾಟಿ ನೆಲ ಮುಟ್ಟಿದರೆ ಆ ಜೊತೆ ವಾಪಸ್. ಮುಂದುಗಡೆ ಒಂದು ಹೆಬ್ಬೆರಳಗಲ ಜಾಗ ಉಳಿಯಬೇಕು. ಹೋಗುವುದು ಸಂಜೆಯೇ, ಅಷ್ಟೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಓಡುವಾಗ ಹಾಕುವ ಸಾಕ್ಸನ್ನೇ ಒಯ್ಯುತ್ತೇನೆ. ಹೀಗೆ ನೋಡಿ ನೋಡಿ ಕೊನೆಗೆ ಸರಿಹೋದದ್ದು ಗಂಡಸರ ಆರು ನಂಬರ್. "ಅದು ಜೆಂಟ್ಸ್ ಮೇಡಂ" ಅಂದ ಅಂಗಡಿ ಹುಡುಗ. "ನನ್ನ ಕಾಲಿಗೆ ಓದಕ್ಕೆ ಬರಲ್ಲಪ್ಪ" ಅಂದೆ.

ಇದರಲ್ಲಿ ಇನ್ನೊಂದು ಲಾಭ. ಗಂಡಸರ ಆರು ನಂಬರ್ ಕೇಳುವವರು ಕಮ್ಮಿ. ಹೊಸ ಮಾಡೆಲ್ ಬಂದಾಗ ಹಳೆಯದರಲ್ಲಿ ಉಳಿಯುವುದೇ ಅದು. ಒಂಬತ್ತು ಸಾವಿರ ಚಿಲ್ಲರೆ ಎಂಆರ್‌ಪಿ ಇದ್ದದ್ದು ನನಗೆ ನಾಲ್ಕೂವರೆಗೆ ಸಿಕ್ಕಿತು. ಯಾವ ಅಂಗಡಿ ಅಂತ ಮಾತ್ರ ಕೇಳಬೇಡಿ. ಅಲ್ಲಿ ನನ್ನ ನಂಬರ್ ಖಾಲಿಯಾದರೆ ನಾನೆಲ್ಲಿ ಹೋಗಲಿ?

ಆದರೆ ರಿಯಾಯಿತಿಯಲ್ಲೂ ಪೆಟ್ಟು ತಿಂದಿದ್ದೇನೆ. ಇದಕ್ಕೂ ಮುಂಚೆ ಬೇರೊಂದು ಕಡೆ ಎರಡು ಸಾವಿರಕ್ಕೆ ಒಂದು ಜೊತೆ ತಂದಿದ್ದೆ. ನೋಡಲು ಹೊಚ್ಚ ಹೊಸದು. ಬೆಟ್ಟದ ಮೆಟ್ಟಿಲಲ್ಲಿ ನಂದಿ ತಲುಪುವ ಮೊದಲೇ ಸೋಲ್ ಪುಡಿಪುಡಿಯಾಗಿ ಉದುರತೊಡಗಿತು. ಉಳಿದದ್ದನ್ನು ಲೇಸಿನಿಂದ ಕಟ್ಟಿಕೊಂಡು ಇಳಿದೆ. ಪಿಯು (ಪಾಲಿಯುರೆಥೇನ್) ಅನ್ನುವ ಸೋಲ್ ಹಾಗೇ, ಹಾಕದೆ ವರ್ಷಗಟ್ಟಲೆ ಇಟ್ಟರೂ ಗಾಳಿಯ ತೇವಕ್ಕೆ ಒಳಗೊಳಗೇ ಹಾಳಾಗುತ್ತದೆ. ಈಗ ಮೊದಲು ನೋಡುವುದು ಡಬ್ಬದ ಮೇಲಿನ ಚೀಟಿ. ಎಂಆರ್‌ಪಿ ಹತ್ತಿರವೇ ತಯಾರಾದ ತಿಂಗಳು, ವರ್ಷ ಇರುತ್ತದೆ. ಎರಡು ವರ್ಷ ದಾಟಿದ್ದರೆ ಎಷ್ಟು ಕಮ್ಮಿಗೆ ಕೊಟ್ಟರೂ ಬೇಡ.

ಓಟದ ಶೂ 500ರಿಂದ 800 ಕಿಲೋಮೀಟರ್ ಬಾಳುತ್ತದೆ ಅನ್ನುವುದು ಸಾಮಾನ್ಯ ಲೆಕ್ಕ. ನನಗೆ ಏಳುನೂರರ ಹತ್ತಿರ ಬಂತು. ಅದನ್ನು ಹಾಕಿಕೊಂಡು ತರಕಾರಿಗೂ ಹೋಗದಿದ್ದರೆ ಅಷ್ಟು ಬರುತ್ತದೆ, ನೆನಪಿಡಿ.

ಬೆಟ್ಟ ಇಳಿಯುವಾಗ ಬೆರಳು ಮುಂದಕ್ಕೆ ಗುದ್ದಿ ಉಗುರು ಕಪ್ಪಾಗುತ್ತಿತ್ತು. ಅದಕ್ಕೆ ಉಪಾಯ ಲೇಸಿನಲ್ಲಿದೆ. ಲೇಸಿನ ತೂತುಗಳ ಸಾಲಿನಲ್ಲಿ ಎರಡೂ ಬದಿ ಎಲ್ಲಕ್ಕಿಂತ ಮೇಲೆ, ಸ್ವಲ್ಪ ಹಿಂದಕ್ಕೆ ಒಂದೊಂದು ಒಂಟಿ ತೂತು ಇರುತ್ತದಲ್ಲ, ತುಂಬಾ ಜನ ಅದನ್ನು ಮುಟ್ಟುವುದೇ ಇಲ್ಲ. ಲೇಸನ್ನು ಅದೇ ಬದಿಯ ಆ ತೂತಿಗೆ ಪೋಣಿಸಿ ಪುಟ್ಟ ಕುಣಿಕೆ ಮಾಡಿ. ಎದುರು ಬದಿಯ ಲೇಸನ್ನು ಆ ಕುಣಿಕೆಯೊಳಗೆ ದಾಟಿಸಿ ಕೆಳಮುಖವಾಗಿ ಎಳೆದು ಕಟ್ಟಿ. ಹಿಮ್ಮಡಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಇದರಲ್ಲಿ ನನ್ನದೊಂದು ಸಣ್ಣ ಬದಲಾವಣೆಯೂ ಇದೆ, ಅದು ನನ್ನ ಹತ್ತಿರವೇ ಇರಲಿ.

ಷಟಲ್‌ಗೆ ಗಮ್ ರಬ್ಬರ್ ಸೋಲ್, ಎರಡು ಸಾವಿರದ ಆಸುಪಾಸು, ಮುಗಿಯಿತು. ರಸ್ತೆಗೆ ಹಾಕಬೇಡಿ, ದೂಳು ಕೂತರೆ ಹಿಡಿತ ಹೋಗುತ್ತದೆ. ಆಟದ ನಡುವೆ ಒದ್ದೆ ಬಟ್ಟೆಯಿಂದ ಸೋಲ್ ಒರೆಸಿದರೆ ಮತ್ತೆ ಕೀಚ್ ಕೀಚ್ ಅನ್ನುತ್ತದೆ.

ಬಟ್ಟೆಯಲ್ಲಿ ನಾನು ಜಾಸ್ತಿ ಕಳೆದುಕೊಂಡದ್ದು ಸ್ಪೋರ್ಟ್ಸ್ ಬ್ರಾ ಮೇಲೆ. ಮುನ್ನೂರು ರೂಪಾಯಿಯವು ಒಂದರ ಹಿಂದೆ ಒಂದು ಸಡಿಲವಾದವು. ಓಟಕ್ಕೆ ಹದಿನಾಲ್ಕು ನೂರು ಕೊಟ್ಟು ಒಂದು ತಂದ ಮೇಲೆ ನೆಮ್ಮದಿ. ಭಾರ ಹೊರಬೇಕಾದದ್ದು ಎದೆ ಕೆಳಗಿನ ಪಟ್ಟಿ, ಭುಜದ ಸ್ಟ್ರಾಪ್ ಅಲ್ಲ. ಟ್ರಯಲ್ ರೂಮಿನಲ್ಲಿ ಎರಡೂ ಕೈ ಮೇಲೆತ್ತಿ. ಪಟ್ಟಿ ಮೇಲಕ್ಕೆ ಜಾರಿದರೆ ದೊಡ್ಡದಾಯಿತು. ಪಟ್ಟಿಯೊಳಗೆ ಎರಡು ಬೆರಳು ಮಾತ್ರ ಹೋಗಬೇಕು. ಆಮೇಲೆ ನಾಚಿಕೆ ಬಿಟ್ಟು ನಿಂತಲ್ಲೇ ಹತ್ತು ಸಲ ಜಿಗಿಯಿರಿ. ಯೋಗಕ್ಕೆ, ವೇಯ್ಟ್ಸ್‌ಗೆ ಆ ಅಗ್ಗದವೇ ನಡೆಯುತ್ತವೆ. ಅಂದಹಾಗೆ ಓಟಕ್ಕೆ ಹೊಂದುವ ಈಗಿನ ಥರದ ಸ್ಪೋರ್ಟ್ಸ್ ಬ್ರಾ ಹುಟ್ಟಿದ್ದು 1977ರಲ್ಲಿ, ಅಮೆರಿಕದ ವರ್ಮಾಂಟ್‌ನಲ್ಲಿ. ಗಂಡಸರು ಆಟಕ್ಕೆ ಹಾಕುವ ಲಂಗೋಟಿಯಂಥ ಎರಡು ಜಾಕ್‌ಸ್ಟ್ರಾಪ್‌ಗಳನ್ನು ಸೇರಿಸಿ ಮೂವರು ಹೆಂಗಸರು ಹೊಲಿದದ್ದು.

ಲೆಗ್ಗಿಂಗ್ಸ್ ಕೊಳ್ಳುವಾಗ ಒಳಗೆ ಕೈ ತೂರಿಸಿ ಬಟ್ಟೆ ಹಿಗ್ಗಿಸಿ ಮೊಬೈಲ್ ಟಾರ್ಚ್ ಬಿಡಿ. ಬೆರಳು ಎಣಿಸಲು ಬಂದರೆ ಸ್ಕ್ವಾಟ್‌ಗೆ ಬೇಡ.

ಓಟಕ್ಕೆ ಕಾಟನ್ ಬೇಡ, ಬೆವರು ಕುಡಿದು ಭಾರವಾಗಿ ಕಂಕುಳು ಉಜ್ಜುತ್ತದೆ. ತೆಳು ಪಾಲಿಯೆಸ್ಟರ್ ಸಾಕು. ರೇಸ್‌ಗಳಲ್ಲಿ ಕೊಡುವ ಟೀ ಶರ್ಟುಗಳೇ ನನಗೆ ಬೇಕಾದಷ್ಟಿವೆ. ಸಾಕ್ಸೂ ಕಾಟನ್ ಆಗಬಾರದು, ನನ್ನ ಅರ್ಧ ಬೊಬ್ಬೆ ನಿಂತದ್ದು ಅದನ್ನು ಬಿಟ್ಟ ಮೇಲೆ. ಜಿಮ್ಮಿಗೆ ಮಾತ್ರ ಹಳೇ ಕಾಟನ್ ಟೀ ಶರ್ಟೇ ಮೇಲು. ಪಾಲಿಯೆಸ್ಟರ್ ಮೇಲೆ ಸ್ಕ್ವಾಟ್‌ನ ಕೋಲು ಜಾರುತ್ತದೆ, ಕಾಟನ್ ಮೇಲೆ ಕೂರುತ್ತದೆ. ಯೋಗಕ್ಕೆ ಮೈಗೆ ಅಂಟುವಂಥದ್ದು ಬೇಕು, ಇಲ್ಲದಿದ್ದರೆ ಅಧೋಮುಖ ಶ್ವಾನಾಸನದಲ್ಲಿ ಟೀ ಶರ್ಟ್ ಮುಖಕ್ಕೆ ಬರುತ್ತದೆ.

ಪಾಲಿಯೆಸ್ಟರ್‌ನ ಒಂದೇ ಶಾಪ ವಾಸನೆ. ಪರಿಮಳದ ಫ್ಯಾಬ್ರಿಕ್ ಕಂಡೀಷನರ್ ಹಾಕಿ ನೋಡಿದೆ, ಇನ್ನೂ ಕೆಟ್ಟಿತು. ಅದು ನೂಲಿನ ಮೇಲೆ ಪದರ ಕಟ್ಟಿ ಬೆವರು ಹೊರಗೆ ಬಿಡಲ್ಲ. ನಿಂಬೆರಸ ಹಾಕಿದೆ, ಅಷ್ಟಕ್ಕಷ್ಟೇ. ಬಿಳಿ ವಿನೆಗರ್ ಅರ್ಧ ಲೋಟ, ಅರ್ಧ ಬಕೆಟ್ ತಣ್ಣೀರು, ಬಟ್ಟೆ ಒಳಮೈ ಹೊರಗೆ ಮಾಡಿ ಅರ್ಧ ಗಂಟೆ ನೆನೆಹಾಕುವುದು, ಆಮೇಲೆ ಮಾಮೂಲಿ ಸೋಪು. ಇದೇ ಗೆದ್ದದ್ದು. ಆದರೆ ಓಡಿ ಬಂದ ತಕ್ಷಣ ಹಾಕಬೇಕು. ಬ್ಯಾಗಲ್ಲಿ ಸಂಜೆಯವರೆಗೆ ಮುದುರಿಟ್ಟರೆ ವಿನೆಗರೂ ಕೈ ಚೆಲ್ಲುತ್ತದೆ.