ಒತ್ತಿದರೆ ಕಿತ್ತು ಬಂದ ಗ್ಲಾಸು

ಕಾರಿನ ಮುಂದಿನ ಗ್ಲಾಸ್ ಬಿಚ್ಚುವುದು ಇಬ್ಬರ ಕೆಲಸ. ಗ್ಲಾಸನ್ನು ಹಿಡಿದಿರುವ ಗಮ್ಮಿನ ನಡುವೆ ಸಣ್ಣ ಸ್ಟೀಲ್ ತಂತಿ ತೂರಿಸಿ, ಒಬ್ಬ ಒಳಗೆ ಕೂತು, ಇನ್ನೊಬ್ಬ ಹೊರಗೆ ನಿಂತು, ಗರಗಸ ಎಳೆದ ಹಾಗೆ ಎಳೆಯುತ್ತ ಸುತ್ತಲೂ ಕೊಯ್ದುಕೊಂಡು ಬರಬೇಕು. ಸರಿಯಾಗಿ ಕೂತ ಗ್ಲಾಸಾದರೆ ಅರ್ಧ ತಾಸು ಬೆವರಿಳಿಸುತ್ತದೆ. ಕೆಲವು ವರ್ಷದ ಹಿಂದೆ ದಾವಣಗೆರೆಯ ನಮ್ಮ ಅಂಗಡಿಗೆ ಬಂದ ಒಂದು ಸಣ್ಣ ಕಾರಿಗೆ ಮಾತ್ರ ತಂತಿ ಬೇಕಾಗಲೇ ಇಲ್ಲ. ಬಿರುಕು ಎಲ್ಲಿಯವರೆಗೆ ಹೋಗಿದೆ ನೋಡೋಣ ಅಂತ ನಮ್ಮ ಹುಡುಗ ಒಳಗಿನಿಂದ ಅಂಗೈಯಲ್ಲಿ ಒತ್ತಿದ. ಮೇಲಿನ ಮೂಲೆ ಚರ್ ಅಂತ ಎದ್ದಿತು. ಇನ್ನೊಂದು ಸಲ ಒತ್ತಿದ, ಇಡೀ ಗ್ಲಾಸು ಹೊರಗೆ ನಿಂತಿದ್ದ ನನ್ನ ಕೈಗೆ ಬಂತು.

ಅಡಿಯಲ್ಲಿದ್ದದ್ದು ಬಾತ್‌ರೂಮಿನ ಸಂದಿಗೆ ತುಂಬುವ ಸಿಲಿಕೋನ್. ಅದರ ಕೆಳಗೆ ಚೌಕಟ್ಟಿನ ತಗಡು ತುಕ್ಕು ಹಿಡಿದು ಹಪ್ಪಳದ ಹಾಗೆ ಎದ್ದಿತ್ತು. ಹಿಂದೆ ಯಾರೋ ಗ್ಲಾಸ್ ಬದಲಿಸಿದವರು ತುಕ್ಕು ಕೆರೆಯದೆ, ಪ್ರೈಮರ್ ಹಚ್ಚದೆ, ಮೇಲೇ ಮೆತ್ತಿ ಕಳಿಸಿದ್ದರು. ಕಾರಿನ ಯಜಮಾನರಿಗೆ ತೋರಿಸಿದೆ. "ಎರಡು ಮಳೆಗಾಲ ಕಳೀತು ರೀ, ಒಂದು ಹನಿ ಸೋರಿಲ್ಲ, ಚೆನ್ನಾಗೇ ಇತ್ತಲ್ಲ" ಅಂದರು.

ಎಲ್ಲರೂ ಮಾಡುವ ಪರೀಕ್ಷೆ ಇದೇ. ನೀರು ಸೋರದಿದ್ದರೆ ಗ್ಲಾಸ್ ಸರಿ ಇದೆ ಅಂತ. ಹಳೇ ಅಂಬಾಸಿಡರಿಗೆ ಈ ಲೆಕ್ಕ ನಡೆಯುತ್ತಿತ್ತು. ಅದರ ಗ್ಲಾಸು ರಬ್ಬರ್ ಬೀಡಿಂಗಿನಲ್ಲಿ ಕೂತಿರುತ್ತಿತ್ತು, ಬೀಡಿಂಗಿನ ಸಂದಿಗೆ ದಾರ ಹಾಕಿ ಒಳಗಿನಿಂದ ಎಳೆದರೆ ಕೆಲಸ ಮುಗೀತು. ಈಗಿನ ಕಾರಿನಲ್ಲಿ ಗ್ಲಾಸನ್ನು ಬಾಡಿಗೇ ಅಂಟಿಸಿರುತ್ತಾರೆ, ನಾವು ಪೇಸ್ಟಿಂಗ್ ಗ್ಲಾಸ್ ಅನ್ನುತ್ತೇವೆ. ಅಂಟಿದ ಮೇಲೆ ಅದು ಬಾಡಿಯದೇ ಒಂದು ಭಾಗ. ಕಾರು ಮಗುಚಿದಾಗ ಛಾವಣಿ ತಲೆ ಮೇಲೆ ಕುಸಿಯದಂತೆ ಕಂಬಗಳ ಜೊತೆ ಇದೂ ಹೆಗಲು ಕೊಡುತ್ತದೆ. ಅದಕ್ಕಿಂತ ಮುಖ್ಯವಾದದ್ದು ಏರ್‌ಬ್ಯಾಗು. ಎಡಗಡೆ ಕೂತವರ ಏರ್‌ಬ್ಯಾಗು ಬಹಳಷ್ಟು ಕಾರುಗಳಲ್ಲಿ ಡ್ಯಾಶ್‌ಬೋರ್ಡಿನಿಂದ ಮೇಲಕ್ಕೆ ಚಿಮ್ಮಿ, ಗ್ಲಾಸಿಗೆ ಬಡಿದು, ಅದರ ಆಸರೆಯಿಂದ ಮುಖದ ಕಡೆ ತಿರುಗುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಇಷ್ಟೂ ಆಗಿರುತ್ತದೆ. ಹುಡುಗನ ಅಂಗೈಗೇ ಎದ್ದು ಬಂದ ಗ್ಲಾಸು ಆ ಹೊಡೆತಕ್ಕೆ ನಿಂತೀತೇ? ಚೀಲ ಗ್ಲಾಸನ್ನು ತಳ್ಳಿಕೊಂಡು ಬಾನೆಟ್ ಮೇಲೆ ಹೋಗುತ್ತದೆ, ಮುಂದಕ್ಕೆ ಬಂದ ತಲೆಗೆ ಅಡ್ಡ ಏನೂ ಇರುವುದಿಲ್ಲ. ಆ ಸೀಟಿನಲ್ಲಿ ಕೂರುತ್ತಿದ್ದವರು ಆ ಕಾರಿನ ಯಜಮಾನರ ತಾಯಿ.

ಗ್ಲಾಸಿನೊಳಗಿನ ಗುಟ್ಟು ಬಹಳ ಮಂದಿಗೆ ಗೊತ್ತಿಲ್ಲ. ಬಾಗಿಲಿನ ಗ್ಲಾಸು ಟಫನ್ಡ್, ಒಡೆದರೆ ಕಲ್ಲುಸಕ್ಕರೆಯ ಹಾಗೆ ಪುಡಿ ಪುಡಿ. ಮುಂದಿನದು ಲ್ಯಾಮಿನೇಟೆಡ್: ಸುಮಾರು ಎರಡೆರಡು ಮಿಲಿಮೀಟರಿನ ಎರಡು ಹಾಳೆ, ನಡುವೆ ಮುಕ್ಕಾಲು ಮಿಲಿಮೀಟರಿನಷ್ಟು ಪ್ಲಾಸ್ಟಿಕ್ ಪದರ. ಒಡೆದರೂ ಚೂರುಗಳು ಪದರಕ್ಕೆ ಅಂಟಿಕೊಂಡೇ ಇರುತ್ತವೆ. 1903ರಲ್ಲಿ ಫ್ರಾನ್ಸಿನ ರಸಾಯನತಜ್ಞ ಎಡ್ವಾರ್ ಬೆನೆಡಿಕ್ಟಸ್ ಕೈಜಾರಿ ಬೀಳಿಸಿದ ಗಾಜಿನ ಸೀಸೆ ಬಿರುಕು ಬಿಟ್ಟರೂ ಚೂರಾಗಲಿಲ್ಲವಂತೆ. ಒಳಗೆ ಒಣಗಿದ್ದ ದ್ರಾವಣದ ಪದರ ಹಿಡಿದುಕೊಂಡಿತ್ತು. ನಾನು ಇಷ್ಟು ವರ್ಷ ಹೊಟ್ಟೆ ಹೊರೆದದ್ದು ಆ ಸೀಸೆಯಿಂದ.

ಅಂಟಿಸುವ ಕೆಲಸದಲ್ಲಿ ಕೈಚಳಕಕ್ಕಿಂತ ತಾಳ್ಮೆ ಮುಖ್ಯ. ಹಳೇ ಗಮ್ಮನ್ನು ಪೂರ್ತಿ ಕೆರೆಯಬಾರದು, ಗಟ್ಟಿಯಾಗಿದ್ದರೆ ಒಂದೆರಡು ಮಿಲಿಮೀಟರ್ ಉಳಿಸಿ ಅದರ ಮೇಲೇ ಹೊಸದು ಎಳೆಯಬೇಕು. ತಗಡು ಗೀಚಿದ್ದರೆ ಪ್ರೈಮರ್. ಗ್ಲಾಸಿನ ಅಂಚಿನ ಕಪ್ಪು ಪಟ್ಟಿ ಚೆಂದಕ್ಕಿರುವುದಲ್ಲ, ಗಮ್ಮಿಗೆ ಬಿಸಿಲು ಬೀಳದಂತೆ ಇರುವ ಮರೆ. ಅಲ್ಲಿ ಬೆರಳು ತಾಗಿಸಿದ ಹುಡುಗನಿಗೆ ನನ್ನಿಂದ ಬೈಗುಳ ಗ್ಯಾರಂಟಿ, ಏಕೆಂದರೆ ಕೈಯ ಎಣ್ಣೆ ಜಿಡ್ಡು ಕೂತ ಕಡೆ ಗಮ್ ಹಿಡಿಯುವುದಿಲ್ಲ.

ಆಮೇಲೆ ಕಾಯುವುದು. ಜಗಳವೆಲ್ಲ ಇಲ್ಲೇ. "ಬಿಸಿಲಿಗೆ ನಿಲ್ಸಿ ರೀ, ಬೇಗ ಒಣಗ್ತದೆ" ಅನ್ನುತ್ತಾರೆ. ನಾನು ಬಳಸುವ ಪಿಯು (ಪಾಲಿಯುರೆಥೇನ್) ಗಮ್ ಬಣ್ಣದ ಹಾಗೆ ಒಣಗುವುದಿಲ್ಲ, ಗಾಳಿಯ ತೇವ ಎಳೆದುಕೊಂಡು ಗಟ್ಟಿಯಾಗುತ್ತದೆ. ಎಷ್ಟು ಹೊತ್ತಿಗೆ ಕಾರು ಓಡಿಸಬಹುದು ಅನ್ನುವುದು ಟ್ಯೂಬಿನ ಕಂಪನಿ ಕೊಟ್ಟ ಲೆಕ್ಕ. ಒಂದೊಂದಕ್ಕೆ ಒಂದೊಂದು ಥರ, ಕೆಲವಕ್ಕೆ ಒಂದು ತಾಸು, ಕೆಲವಕ್ಕೆ ಹಲವು ತಾಸು.

ಈ ಲೆಕ್ಕ ಮುರಿದು ನಾನೂ ಒಮ್ಮೆ ಪೆಟ್ಟು ತಿಂದಿದ್ದೇನೆ. ಮದುವೆ ಸೀಸನ್. ಹರಿಹರದಲ್ಲಿ ಮುಹೂರ್ತ, ಬೀಗರು ಕಾಯ್ತಿದ್ದಾರೆ ಅಂತ ಒಬ್ಬರು ತಲೆ ಮೇಲೆ ನಿಂತರು. ಮೂರು ತಾಸಿನ ಗಮ್ಮು, ಒಂದು ತಾಸಿಗೇ ಕೀ ಕೊಟ್ಟೆ. ಅವರು ಕಿಟಕಿಗಳೆಲ್ಲ ಮುಚ್ಚಿದ್ದ ಕಾರಿನ ಬಾಗಿಲನ್ನು ದಢಾರನೆ ಬಡಿದರು. ಒಳಗಿನ ಗಾಳಿಗೆ ಹೋಗಲು ದಾರಿಯಿಲ್ಲ, ಹಸಿ ಗಮ್ಮಿನ ಮೇಲಿದ್ದ ಗ್ಲಾಸನ್ನೇ ತಳ್ಳಿತು. ಮರುದಿನ ಬಂದು "ಎಂಬತ್ತು ದಾಟಿದ್ರೆ ಸೀಟಿ ಹೊಡೀತದೆ" ಅಂದರು. ನೋಡಿದರೆ ಮೇಲಂಚಿನಲ್ಲಿ ಒಂದು ಗೇಣು ಗಮ್ ಬಿಟ್ಟಿತ್ತು. ಸ್ವಂತ ಖರ್ಚಿನಲ್ಲಿ ಬಿಚ್ಚಿ ಮತ್ತೆ ಹಾಕಿದೆ. ಅಂದಿನಿಂದ ಕಿಟಕಿ ಎರಡು ಬೆರಳಷ್ಟು ಇಳಿಸಿ, ಕಾರು ಬಿಡುವ ಸಮಯ ಬರೆದ ಚೀಟಿಯನ್ನು ಸ್ಟೇರಿಂಗಿಗೆ ಅಂಟಿಸುತ್ತೇನೆ. ಚೀಟಿ ಎದುರಿಗಿದ್ದರೆ ನನ್ನ ಮಾತಿಗೂ ಸ್ವಲ್ಪ ಬೆಲೆ.

ನಮ್ಮಲ್ಲಿಗೆ ಬರುವ ಕೇಸುಗಳಲ್ಲಿ ಹೆಚ್ಚಿನವು 48ನೇ ಹೆದ್ದಾರಿಯ ಜಲ್ಲಿ ಟಿಪ್ಪರುಗಳ ಪ್ರಸಾದ. ಕಲ್ಲು ತಾಗಿದ ಗುರುತು ನಾಣ್ಯದಷ್ಟಿದ್ದು, ಅಂಚಿನಲ್ಲೂ ಡ್ರೈವರಿನ ನೋಟದಲ್ಲೂ ಇಲ್ಲದಿದ್ದರೆ ರೆಸಿನ್ ಅನ್ನುವ ತಿಳಿ ಅಂಟು ತುಂಬಿಸಿ, ಅದು ಗಟ್ಟಿಯಾಗಲು ಯುವಿ (ನೇರಳಾತೀತ) ದೀಪ ಹಿಡಿದು ಉಳಿಸುತ್ತೇನೆ. ಬರುವ ತನಕ ಮೇಲೆ ಸೆಲ್ಲೋಟೇಪ್ ಹಚ್ಚಿಕೊಳ್ಳಿ, ಧೂಳು ನೀರು ಒಳಗೆ ಹೋದರೆ ರೆಸಿನ್ ಹಿಡಿಯುವುದಿಲ್ಲ. ಕಾದ ಗ್ಲಾಸಿಗೆ ಎಸಿ ಗಾಳಿ ನೇರ ಬಿಡಬೇಡಿ, ಬೆಳಗ್ಗೆ ಚುಕ್ಕೆಯಷ್ಟಿದ್ದದ್ದು ಮಧ್ಯಾಹ್ನಕ್ಕೆ ಗೆರೆ ಎಳೆದಿರುತ್ತದೆ. ಬದಲಿಸಲೇಬೇಕಾದರೆ ಅಗ್ಗದ್ದು ಹುಡುಕುವ ಮೊದಲು ಇನ್ಶೂರೆನ್ಸ್ ವಿಚಾರಿಸಿ. ಫುಲ್ ಇನ್ಶೂರೆನ್ಸಿನಲ್ಲಿ ರಬ್ಬರು ಪ್ಲಾಸ್ಟಿಕ್ಕಿಗೆ ಸವಕಳಿ ಅಂತ ಅರ್ಧ ಹಿಡಿದರೂ ಗ್ಲಾಸಿಗೆ ಸವಕಳಿ ಹಿಡಿಯುವುದಿಲ್ಲ. ಕನ್ನಡಿಯ ಹಿಂದೆ ಕ್ಯಾಮೆರಾ ಇರುವ ಹೊಸ ಕಾರುಗಳನ್ನು ನಾನು ಮುಟ್ಟುವುದಿಲ್ಲ. ಗ್ಲಾಸ್ ಹಾಕಿದ ಮೇಲೆ ಕ್ಯಾಮೆರಾ ಮತ್ತೆ ಹೊಂದಿಸಬೇಕು, ಆ ಸಾಮಾನು ನನ್ನಲ್ಲಿಲ್ಲ.

ಆ ಸಣ್ಣ ಕಾರನ್ನು ಎರಡು ದಿನ ಇಟ್ಟುಕೊಂಡೆ. ತುಕ್ಕು ಕೆರೆದು, ಪೇಂಟ್ ಮಾಡಿ, ಹೊಸ ಗ್ಲಾಸ್ ಕೂರಿಸಿದೆ. ಬಸ್ಸಿನಲ್ಲಿ ಓಡಾಡಿ ಸಾಕಾಗಿದೆ ಅಂತ ಯಜಮಾನರು ಗೊಣಗುತ್ತಲೇ ಬಂದರು. ದುಡ್ಡು ಕೊಟ್ಟರು, ಒಳಗೆ ಕೂತರು, ಕೀ ತಿರುಗಿಸುವ ಮುಂಚೆ ನನ್ನ ಕಡೆ ಒಮ್ಮೆ ನೋಡಿ ಗ್ಲಾಸಿನ ಮೇಲಿನ ಮೂಲೆಗೆ ಅಂಗೈ ಇಟ್ಟು ಒತ್ತಿದರು. "ಇವತ್ತೊಂದು ದಿನ ಬಿಡ್ರಿ, ನಾಳೆ ಎಷ್ಟು ಬೇಕಾದ್ರೂ ಒತ್ತಿ" ಅಂದೆ.