ಎಫ್‌ಎಎ ಕಮರ್ಷಿಯಲ್ ಪೈಲಟ್ ಓರಲ್: ಮೈಸೂರಿನಲ್ಲಿ ಕೂತೇ ತಯಾರಾಗುವುದು ಹೇಗೆ

ಮೈಸೂರು, ಮಂಡ್ಯ ಕಡೆಯಿಂದ ಅಮೆರಿಕಕ್ಕೆ ಹೋಗಿ ಫ್ಲೈಯಿಂಗ್ ಕಲಿಯುತ್ತಿರುವವರು, ರಜೆಗೆ ಊರಿಗೆ ಬಂದಿರುವವರು, ಇನ್ನೇನು ಹೊರಡಬೇಕು ಅಂತಿರುವವರು, ಇದು ನಿಮಗೆ. ಎಫ್‌ಎಎ ಅಂದರೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ, ಓರಲ್ ಅಂದರೆ ಅದರ ಪೈಲಟ್ ಪರೀಕ್ಷೆಯ ಮೌಖಿಕ ಭಾಗ. ರಿಟನ್ ಪಾಸಾಗಿರುತ್ತದೆ, ಗಂಟೆಗಳೂ ಹತ್ತಿರ ಬಂದಿರುತ್ತವೆ. ಆದರೆ ಎಕ್ಸಾಮಿನರ್ ಎದುರು ಎರಡು ಮೂರು ಗಂಟೆ ಕೂತು ಮಾತಾಡಬೇಕು ಅಂದ ತಕ್ಷಣ ಎಲ್ಲರೂ ಬಾಯಿಪಾಠಕ್ಕೆ ಇಳಿಯುತ್ತಾರೆ. ಅದು ಬೇಡ. ಪ್ರೈವೇಟ್ ಪೈಲಟ್ ಓರಲ್‌ಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಇಲ್ಲಿ ಅವರು ನೋಡುವುದು, ನಾಳೆ ಯಾರೋ ದುಡ್ಡು ಕೊಟ್ಟು ಹಾರಿಸು ಅಂದರೆ ಯಾವುದಕ್ಕೆ ಹೂಂ ಅನ್ನಬೇಕು, ಯಾವುದಕ್ಕೆ ಆಗಲ್ಲ ಅನ್ನಬೇಕು ಅನ್ನುವುದು ನಿಮಗೆ ಗೊತ್ತಿದೆಯಾ ಅಂತ.

ಮೊದಲು ಎಸಿಎಸ್ ತೆಗೆಯಿರಿ, ಅಂದರೆ ಪರೀಕ್ಷೆಯಲ್ಲಿ ಏನೇನು ನೋಡುತ್ತಾರೆ ಅಂತ ಎಫ್‌ಎಎ ಬರೆದಿಟ್ಟಿರುವ ಪಟ್ಟಿ. ವಿಮಾನದ ಕಮರ್ಷಿಯಲ್‌ಗೆ ಇರುವುದು ಎಫ್‌ಎಎ-ಎಸ್-ಎಸಿಎಸ್-7ಬಿ, ಎಫ್‌ಎಎ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಪರೀಕ್ಷೆ ನಡೆಯುವುದೇ ಇದರ ಮೇಲೆ. ಫೋನ್‌ನಲ್ಲಿ ಓದಬೇಡಿ, ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಪ್ರತಿ ಸಾಲಿನ ಪಕ್ಕ ಗುರುತು ಹಾಕುತ್ತಾ ಹೋಗಿ. ಪ್ರತಿ ಟಾಸ್ಕ್‌ನಲ್ಲೂ ನಾಲೆಡ್ಜ್, ರಿಸ್ಕ್ ಮ್ಯಾನೇಜ್‌ಮೆಂಟ್, ಸ್ಕಿಲ್ ಅಂತ ಮೂರು ಭಾಗ ಇರುತ್ತದೆ. ನಮ್ಮ ಹುಡುಗರು ನಾಲೆಡ್ಜ್ ಓದಿ ರಿಸ್ಕ್ ಭಾಗವನ್ನು ಸುಮ್ನೆ ದಾಟಿಬಿಡುತ್ತಾರೆ. ಪ್ರಶ್ನೆಗಳು ಜಾಸ್ತಿ ಬರುವುದು ಅಲ್ಲಿಂದಲೇ. ರಿಟನ್ ರಿಸಲ್ಟ್ ಹಾಳೆಯಲ್ಲಿ ನೀವು ತಪ್ಪು ಮಾಡಿದ ವಿಷಯಗಳ ಕೋಡ್ ಇರುತ್ತದೆ, ಅವನ್ನು ಒಂದೂ ಬಿಡಬೇಡಿ. ಎಕ್ಸಾಮಿನರ್ ಅದನ್ನು ಮುಂದಿಟ್ಟುಕೊಂಡೇ ಕೇಳುತ್ತಾರೆ.

ಆಮೇಲೆ ಲಾಗ್‌ಬುಕ್. ಎಫ್‌ಎಎ ನಿಯಮಪುಸ್ತಕ ಎಫ್‌ಎಆರ್‌ನ ಪಾರ್ಟ್ 61ರ ಪ್ರಕಾರ ಓದುತ್ತಿದ್ದರೆ 61.129ನೇ ನಿಯಮ ತೆರೆದಿಟ್ಟುಕೊಂಡು ಒಂದೊಂದೇ ಸಾಲು ಹೊಂದಿಸಿ: ಒಟ್ಟು 250 ಗಂಟೆ, ಪೈಲಟ್ ಇನ್ ಕಮಾಂಡ್ 100, ಕಾಂಪ್ಲೆಕ್ಸ್ (ಮಡಚುವ ಚಕ್ರ, ಫ್ಲ್ಯಾಪ್, ಕೋನ ಬದಲಿಸಬಹುದಾದ ಪ್ರೊಪೆಲ್ಲರ್ ಇರುವ) ಅಥವಾ ಟಿಎಎ (ಡಿಜಿಟಲ್ ಪರದೆಗಳಿರುವ ಆಧುನಿಕ) ವಿಮಾನದಲ್ಲಿ 10 ಗಂಟೆ ತರಬೇತಿ, ಹೀಗೆ. ಜಾಸ್ತಿ ಜನ ಎಡವುವುದು ಉದ್ದದ ಕ್ರಾಸ್ ಕಂಟ್ರಿಯಲ್ಲಿ, ಅಂದರೆ ಬೇರೆ ಏರ್‌ಪೋರ್ಟ್‌ಗಳಿಗೆ ಹೋಗುವ ದೂರದ ಹಾರಾಟದಲ್ಲಿ. ಒಟ್ಟು 300 ನಾಟಿಕಲ್ ಮೈಲಿ, ಮೂರು ಕಡೆ ಲ್ಯಾಂಡಿಂಗ್ ಆದರೆ ಸಾಲದು. ಅದರಲ್ಲಿ ಒಂದು ಜಾಗ ನೀವು ಹೊರಟ ಏರ್‌ಪೋರ್ಟ್‌ನಿಂದ ನೇರ ಗೆರೆಯಲ್ಲಿ ಕನಿಷ್ಠ 250 ನಾಟಿಕಲ್ ಮೈಲಿ ದೂರ ಇರಬೇಕು. ರಾತ್ರಿಯ ಹತ್ತು ಟೇಕ್ ಆಫ್, ಹತ್ತು ಲ್ಯಾಂಡಿಂಗ್ ಕಂಟ್ರೋಲ್ ಟವರ್ ಕೆಲಸ ಮಾಡುತ್ತಿರುವ ಏರ್‌ಪೋರ್ಟ್‌ನಲ್ಲೇ ಆಗಿರಬೇಕು. ಈ ಪ್ರತಿಯೊಂದು ಎಂಟ್ರಿ ಇರುವ ಪುಟಕ್ಕೂ ಬಣ್ಣದ ಚೀಟಿ ಅಂಟಿಸಿ, ಮೇಲೆ ನಿಯಮದ ನಂಬರ್ ಬರೆಯಿರಿ. ಕೇಳಿದ ತಕ್ಷಣ ಪುಟ ತೆರೆದು ತೋರಿಸಿದರೆ ಎದುರಿಗಿರುವವರಿಗೆ ನಿಮ್ಮ ಮೇಲೆ ಅಲ್ಲೇ ಅರ್ಧ ನಂಬಿಕೆ ಬರುತ್ತದೆ.

ಈಗ ನಿಜವಾಗಿ ತಲೆ ತಿನ್ನುವ ವಿಷಯ. ಕಮರ್ಷಿಯಲ್ ಬಂದ ಮೇಲೆ ನೀವು ಏನು ಮಾಡಬಹುದು? 61.133 ಪ್ರಕಾರ ದುಡ್ಡು ತೆಗೆದುಕೊಂಡು ಹಾರಬಹುದು. ಇಷ್ಟೇ ಹೇಳಿ ನಿಲ್ಲಿಸಿದರೆ ಸಿಕ್ಕಿಬಿದ್ದಿರಿ ಅಂತಲೇ. ನಮ್ಮ ಮೈಸೂರು–ಮಂಡ್ಯ ರಸ್ತೆಯ ಲೆಕ್ಕದಲ್ಲಿ ನೋಡಿ. ಯಾರದೋ ಸ್ವಂತ ವೈಟ್ ಬೋರ್ಡ್ ಕಾರು, ಅವರು ನಿಮ್ಮನ್ನು ಆಕ್ಟಿಂಗ್ ಡ್ರೈವರ್ ಆಗಿ ಕರೆದು ಸಂಬಳ ಕೊಡುತ್ತಾರೆ, ಅದರಲ್ಲಿ ತಕರಾರಿಲ್ಲ. ಆದರೆ ನೀವೇ ಕಾರು ತಂದು, ನೀವೇ ಓಡಿಸಿ, ಬಸ್‌ಸ್ಟ್ಯಾಂಡ್ ಮುಂದೆ ನಿಂತು ಮಂಡ್ಯ ಮಂಡ್ಯ ಅಂತ ಕೂಗಿದರೆ ಯೆಲ್ಲೋ ಬೋರ್ಡ್ ಬೇಕು, ಪರ್ಮಿಟ್ ಬೇಕು. ಕಮರ್ಷಿಯಲ್ ಸರ್ಟಿಫಿಕೇಟ್ ನಿಮ್ಮನ್ನು ಆಕ್ಟಿಂಗ್ ಡ್ರೈವರ್ ಮಾಡುತ್ತದೆ ಅಷ್ಟೇ. ವಿಮಾನ, ಪೈಲಟ್ ಎರಡನ್ನೂ ಸೇರಿಸಿ ಸಾರ್ವಜನಿಕರಿಗೆ ಬಾಡಿಗೆಗೆ ಕೊಡಬೇಕಾದರೆ ಸಾಮಾನ್ಯವಾಗಿ ಪಾರ್ಟ್ 135 ಸರ್ಟಿಫಿಕೇಟ್ ಬೇಕು, ಮತ್ತು ಅದು ಪೈಲಟ್‌ಗೆ ಸಿಗುವಂಥದ್ದಲ್ಲ, ಆಪರೇಟರ್‌ಗೆ ಸಿಗುವಂಥದ್ದು.

ಎಸಿ 120-12ಎ ಅನ್ನುವ ಅಡ್ವೈಸರಿ ಸರ್ಕ್ಯುಲರ್ ಚಿಕ್ಕದು, ಪೂರ್ತಿ ಓದಿ. ಕಾಮನ್ ಕ್ಯಾರೇಜ್‌ಗೆ (ಸಾರ್ವಜನಿಕರಿಗೆ ಬಾಡಿಗೆ ಸಾಗಾಟಕ್ಕೆ) ನಾಲ್ಕು ಗುರುತು ಹೇಳುತ್ತದೆ: ಸೇವೆ ಕೊಡುತ್ತೇನೆ ಅಂತ ಜನರ ಮುಂದೆ ತೋರಿಸಿಕೊಳ್ಳುವುದು, ಜನರನ್ನೋ ಸಾಮಾನನ್ನೋ ಸಾಗಿಸುವುದು, ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ, ಮತ್ತು ಪ್ರತಿಫಲಕ್ಕೆ. ಪ್ರತಿಫಲ ಅಂದರೆ ನೋಟೇ ಆಗಬೇಕಿಲ್ಲ, ಪುಕ್ಕಟೆ ಸಿಗುವ ಹಾರಾಟದ ಗಂಟೆಗಳನ್ನೂ ಎಫ್‌ಎಎ ಪ್ರತಿಫಲ ಅಂತಲೇ ನೋಡುತ್ತದೆ. ಪಾರ್ಟ್ 119ರ ಆಪರೇಟರ್ ಸರ್ಟಿಫಿಕೇಟ್ ಬೇಡದ ಕೆಲಸಗಳು 119.1ರಲ್ಲಿವೆ. ಆಕಾಶದಿಂದ ಫೋಟೊ ತೆಗೆಯುವುದು, ಬ್ಯಾನರ್ ಎಳೆಯುವುದು, ಹೊರಟ ಏರ್‌ಪೋರ್ಟ್‌ಗೇ ವಾಪಸ್ ಬರುವ, 25 ಸ್ಟ್ಯಾಚ್ಯೂಟ್ ಮೈಲಿ ಒಳಗಿನ ಸೈಟ್‌ಸೀಯಿಂಗ್ ಇತ್ಯಾದಿ. ಕೆಲವಕ್ಕೆ ಅವುಗಳದೇ ಬೇರೆ ಅನುಮತಿ ಬೇಕು ಅನ್ನುವುದನ್ನೂ ಸೇರಿಸಿ ಹೇಳಿ. ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಿದ್ದಾಗ ಮೀಟರ್‌ಗಳನ್ನು ನೋಡಿಯೇ ಹಾರುವ ಅರ್ಹತೆ) ಇಲ್ಲದಿದ್ದರೆ ದುಡ್ಡು ಕೊಟ್ಟ ಪ್ರಯಾಣಿಕರನ್ನು ಕೂರಿಸಿಕೊಂಡು 50 ನಾಟಿಕಲ್ ಮೈಲಿ ಮೀರಿದ ಕ್ರಾಸ್ ಕಂಟ್ರಿ ಹೋಗುವಂತಿಲ್ಲ, ರಾತ್ರಿ ಹಾರುವಂತಿಲ್ಲ. ಇದನ್ನು ಕೇಳದ ಎಕ್ಸಾಮಿನರ್ ಅಪರೂಪ.

ಪರ್ಫಾರ್ಮೆನ್ಸ್ ಲೆಕ್ಕವನ್ನು ಊರಿನಿಂದಲೇ ಶುರು ಮಾಡಬಹುದು. ಮಂಡಕಳ್ಳಿ ಏರ್‌ಪೋರ್ಟ್ ಸಮುದ್ರಮಟ್ಟದಿಂದ ಸುಮಾರು 2,400 ಅಡಿ ಎತ್ತರದಲ್ಲಿದೆ, ಪ್ರೆಷರ್ ಆಲ್ಟಿಟ್ಯೂಡ್ (ಗಾಳಿಯ ಒತ್ತಡದ ಲೆಕ್ಕದ ಎತ್ತರ) ಅಷ್ಟೇ ಅಂತ ಇಟ್ಟುಕೊಳ್ಳಿ. ಆ ಎತ್ತರಕ್ಕೆ ಸ್ಟ್ಯಾಂಡರ್ಡ್ ತಾಪಮಾನ ಹತ್ತಿರ ಹತ್ತಿರ 10 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಇದ್ದರೆ 26 ಡಿಗ್ರಿ ಜಾಸ್ತಿ, ಡಿಗ್ರಿಗೆ 120 ಅಡಿಯಂತೆ ಸುಮಾರು 3,100 ಅಡಿ ಸೇರಿತು, ಡೆನ್ಸಿಟಿ ಆಲ್ಟಿಟ್ಯೂಡ್ (ಗಾಳಿ ಎಷ್ಟು ತೆಳುವಾಗಿದೆ ಅನ್ನುವ ಲೆಕ್ಕದ ಎತ್ತರ) 5,500 ಅಡಿ. ಅದೇ ಡಿಸೆಂಬರ್ ಬೆಳಿಗ್ಗೆ 16 ಡಿಗ್ರಿಗೆ 3,100 ಅಡಿ ಮಾತ್ರ. ನಿಮ್ಮ ವಿಮಾನದ ಪಿಒಎಚ್ (ತಯಾರಕರ ಕೈಪಿಡಿ) ತೆಗೆದು ಎರಡಕ್ಕೂ ಟೇಕ್ ಆಫ್ ದೂರ ಹುಡುಕಿ, ಪಕ್ಕಪಕ್ಕ ಬರೆಯಿರಿ. ಎಂಜಿನ್, ಪ್ರೊಪೆಲ್ಲರ್, ರೆಕ್ಕೆ ಮೂರೂ ತೆಳು ಗಾಳಿಯಲ್ಲಿ ಸೊರಗುತ್ತವೆ ಅನ್ನುವುದು ಆ ಅಂಕಿಗಳನ್ನು ನೋಡಿದ ಮೇಲೆ ಮರೆಯುವುದಿಲ್ಲ.

ವಿಮಾನದ ದಾಖಲೆಗಳ ವಿಷಯ ಕಷ್ಟದ್ದಲ್ಲ. ವಾರ್ಷಿಕ ತಪಾಸಣೆ, ಬಾಡಿಗೆಗೆ ಹಾರಿಸುವಾಗ 100 ಗಂಟೆಯ ತಪಾಸಣೆ, ಟ್ರಾನ್ಸ್‌ಪಾಂಡರ್‌ಗೆ (ರೇಡಾರ್‌ಗೆ ಉತ್ತರ ಕೊಡುವ ಉಪಕರಣಕ್ಕೆ) 24 ತಿಂಗಳಿಗೊಮ್ಮೆ. ತಪಾಸಣೆ ಮಾಡಿಸುವ ಜಾಗಕ್ಕೆ ಹೋಗಲು 100 ಗಂಟೆ ಮೇಲೆ 10 ಗಂಟೆ ಮೀರಬಹುದು, ಆದರೆ ಆ ಗಂಟೆಗಳು ಮುಂದಿನ 100ರಲ್ಲಿ ಕಳೆಯುತ್ತವೆ. ಆಕ್ಸಿಜನ್‌ಗೆ 12,500, 14,000, 15,000 ಅಡಿಯ ಮೂರು ಮೆಟ್ಟಿಲು ನೆನಪಿಡಿ. ಏಯ್ಟ್ಸ್ ಆನ್ ಪೈಲಾನ್‌ಗೆ (ನೆಲದ ಎರಡು ಗುರುತುಗಳ ಸುತ್ತ ಎಂಟರ ಆಕಾರದಲ್ಲಿ ಹಾರುವುದಕ್ಕೆ) ಗ್ರೌಂಡ್ ಸ್ಪೀಡ್ ನಾಟ್‌ಗಳಲ್ಲಿ ವರ್ಗ ಮಾಡಿ 11.3ರಿಂದ ಭಾಗಿಸಿ, ನೆಲದಿಂದ ಎಷ್ಟು ಅಡಿ ಎತ್ತರದಲ್ಲಿ ಹಾರಬೇಕು ಅಂತ ಸಿಗುತ್ತದೆ. 100 ನಾಟ್‌ಗೆ ಸುಮಾರು 885 ಅಡಿ. ಎದುರುಗಾಳಿಗೆ ತಿರುಗಿದಾಗ ಎತ್ತರ ಯಾಕೆ ಇಳಿಸಬೇಕು ಅನ್ನುವುದನ್ನು ಸೂತ್ರದಿಂದಲೇ ಹೇಳಲು ಬರಬೇಕು.

ಇಷ್ಟೆಲ್ಲ ಓದಿ ಬಾಯಿ ಬಿಡದಿದ್ದರೆ ಪ್ರಯೋಜನ ಇಲ್ಲ. ಜೊತೆಗೊಬ್ಬರನ್ನು ಕರೆದುಕೊಂಡು ಸಂಜೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುತ್ತಾ ಉತ್ತರ ಜೋರಾಗಿ ಹೇಳಿ. ಅವರಿಗೆ ವಿಮಾನದ ಗಂಧಗಾಳಿ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು. ಭಾರ ಕಡಿಮೆಯಾದರೆ ಮನೂವರಿಂಗ್ ಸ್ಪೀಡ್ (ಅಲುಗಾಟದಲ್ಲಿ ವಿಮಾನಕ್ಕೆ ಪೆಟ್ಟಾಗದಂತೆ ಇಟ್ಟಿರುವ ವೇಗದ ಮಿತಿ) ಯಾಕೆ ಕಡಿಮೆಯಾಗುತ್ತದೆ ಅನ್ನುವುದನ್ನು ನಿಮ್ಮ ಅಕ್ಕನಿಗೆ ಕನ್ನಡದಲ್ಲಿ ಅರ್ಥ ಮಾಡಿಸಿ ನೋಡಿ. ಅವರು ಮತ್ತೆ ಯಾಕೆ ಅಂತ ಕೇಳಿದಲ್ಲಿ ನೀವು ತಡವರಿಸಿದರೆ ಅದೇ ನಿಮಗೆ ಗೊತ್ತಿಲ್ಲದ ಜಾಗ. ಆಮೇಲೆ ಅದನ್ನೇ ಇಂಗ್ಲಿಷ್‌ನಲ್ಲಿ ಹೇಳಿ. ಸರಳ ಇಂಗ್ಲಿಷ್ ಸಾಕು, ಕನ್ನಡ ಮೀಡಿಯಂನಿಂದ ಬಂದವರು ಅದಕ್ಕೆ ಅಂಜಬೇಕಾಗಿಲ್ಲ.

ಪರೀಕ್ಷೆಯ ದಿನ ಕೇಳಿದ್ದಕ್ಕೆ ಮಾತ್ರ ಉತ್ತರಿಸಿ, ಜಾಸ್ತಿ ಮಾತಾಡಿದಷ್ಟೂ ಹೊಸ ಪ್ರಶ್ನೆ ಹುಟ್ಟುತ್ತದೆ. ಗೊತ್ತಿಲ್ಲದಿದ್ದರೆ ಊಹೆ ಮಾಡಬೇಡಿ, ನೋಡಿ ಹೇಳುತ್ತೇನೆ ಅಂತ ಹೇಳಿ ಎಫ್‌ಎಆರ್ ತೆರೆಯಿರಿ. ಎಲ್ಲದಕ್ಕೂ ಪುಸ್ತಕ ತೆರೆದರೆ ಮಾತ್ರ ತೊಂದರೆ. ಹವಾಮಾನ ಸರಿಯಿಲ್ಲದೆ ಓರಲ್ ಮುಗಿದು ಫ್ಲೈಟ್ ಟೆಸ್ಟ್ ನಿಂತುಹೋದರೆ ಅದು ಫೇಲ್ ಅಲ್ಲ, ಲೆಟರ್ ಆಫ್ ಡಿಸ್ಕಂಟಿನ್ಯೂಯನ್ಸ್ (ಪರೀಕ್ಷೆ ಅರ್ಧಕ್ಕೆ ನಿಂತಿದೆ ಅನ್ನುವ ಪತ್ರ) ಕೊಡುತ್ತಾರೆ. ಫೇಲ್ ಆದರೂ ಪಾಸಾದ ಭಾಗಗಳಿಗೆ 60 ದಿನದ ಒಳಗೆ ಕ್ರೆಡಿಟ್ ಸಿಗಬಹುದು, ಹಾಗಾಗಿ ವೀಸಾ, ಟಿಕೆಟ್ ತಾರೀಕುಗಳನ್ನು ಆ 60 ದಿನ ಬಿಟ್ಟು ಇಟ್ಟುಕೊಳ್ಳಿ. ಮತ್ತೆ ಕೂರುವ ಮೊದಲು ಇನ್‌ಸ್ಟ್ರಕ್ಟರ್‌ನಿಂದ ಲಾಗ್‌ಬುಕ್‌ಗೆ ಹೊಸ ಎಂಡಾರ್ಸ್‌ಮೆಂಟ್ (ಬರೆದು ಸಹಿ ಹಾಕಿದ ಒಪ್ಪಿಗೆ) ಹಾಕಿಸಿಕೊಳ್ಳಲೇಬೇಕು.