ಪೆನ್ನುಗಳಿಗೊಂದು ಬಟ್ಟೆಯ ಸುರುಳಿಚೀಲ

ಬಟ್ಟೆಗೆ ಕತ್ತರಿ ಹಾಕುವ ಮೊದಲು, ಚೀಲದಲ್ಲಿ ಇಡಬೇಕೆಂದಿರುವ ಪೆನ್ನುಗಳಲ್ಲಿ ಅತಿ ಉದ್ದನೆಯದನ್ನೂ ಅತಿ ದಪ್ಪನೆಯದನ್ನೂ ಅಳೆದುಕೊಳ್ಳಬೇಕು. ಇಲ್ಲಿನ ಅಳತೆಗಳು 15 ಸೆಂ.ಮೀ. ಉದ್ದದವರೆಗಿನ ಹನ್ನೆರಡು ಪೆನ್ನುಗಳಿಗೆ ಹೊಂದುತ್ತವೆ. ಪೆನ್ನು 1.4 ಸೆಂ.ಮೀ. ದಪ್ಪವಿದ್ದರೆ ಗೂಡಿನ ಅಗಲ ಅದಕ್ಕಿಂತ ಒಂದಿಷ್ಟು ಹೆಚ್ಚಿದ್ದರೆ ಸಾಕೆನಿಸುತ್ತದೆ. ಆದರೆ ಪೆನ್ನು ದುಂಡಗಿರುವುದರಿಂದ ಗೂಡಿನ ಎರಡೂ ಪದರಗಳು ಸೇರಿ ಅದರ ಸುತ್ತಳತೆಯನ್ನು ಬಳಸಬೇಕಾಗುತ್ತದೆ. ಸುತ್ತಳತೆಯ ಅರ್ಧವೇ 2.2 ಸೆಂ.ಮೀ. ಆಗುವುದರಿಂದ, ಪೆನ್ನು ಸಲೀಸಾಗಿ ಹೋಗಿಬರಲು ಗೂಡಿಗೆ 3 ಸೆಂ.ಮೀ. ಅಗಲ ಕೊಡುವುದು ಒಳ್ಳೆಯದು.

ಹೊರಗಿನ ಪದರಕ್ಕೆ ದಪ್ಪನೆಯ ಹತ್ತಿ ಬಟ್ಟೆ ಅಥವಾ ಹಳೆಯ ಜೀನ್ಸ್ ಸರಿಹೋಗುತ್ತದೆ. ಒಳಗಿನ ಲೈನಿಂಗ್‌ಗೂ ಜೇಬಿಗೂ ಒತ್ತು ನೇಯ್ಗೆಯ ತೆಳು ಹತ್ತಿ ಬಟ್ಟೆ ಇರಲಿ. ಶಾಯಿ ಪೆನ್ನು ಬಳಸುವವರು ಇದನ್ನು ಗಾಢ ಬಣ್ಣದಲ್ಲಿಯೇ ಆರಿಸಿಕೊಳ್ಳುವುದು ಜಾಣತನ. ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ಕುಗ್ಗುವುದರಿಂದ, ಎಲ್ಲವನ್ನೂ ಒಗೆದು, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿಸಬೇಕು. ಹೊರಬಟ್ಟೆ ಮತ್ತು ಲೈನಿಂಗ್ ತಲಾ 38 ಸೆಂ.ಮೀ. ಅಗಲ, 28 ಸೆಂ.ಮೀ. ಎತ್ತರ, ಜೇಬಿನ ಬಟ್ಟೆ 38 ಸೆಂ.ಮೀ. ಅಗಲ, 22 ಸೆಂ.ಮೀ. ಎತ್ತರ. ಹೊಲಿಗೆಗೆ ಸುತ್ತಲೂ ಬಿಡುವ 1 ಸೆಂ.ಮೀ. ಇದರಲ್ಲಿಯೇ ಸೇರಿದೆ. ಕಟ್ಟಲು ಸುಮಾರು 70 ಸೆಂ.ಮೀ. ಉದ್ದದ ಒಂದು ಲಾಡಿ ಬೇಕು.

ಜೇಬಿನ ಬಟ್ಟೆಯನ್ನು ಎತ್ತರದಲ್ಲಿ ಅರ್ಧಕ್ಕೆ ಮಡಿಸಿ ಇಸ್ತ್ರಿ ಮಾಡಿ, ಮಡಿಕೆಯ ಅಂಚಿಗೆ ಒಂದು ಹೊಲಿಗೆ ಹಾಕಿಕೊಳ್ಳಿ. ಮಡಿಕೆ ಮೇಲೆ ಬರುವಂತೆ ಇದನ್ನು ಲೈನಿಂಗ್‌ನ ಮುಖದ (ಕಣ್ಣಿಗೆ ಕಾಣಬೇಕಾದ ಬದಿಯ) ಮೇಲಿಟ್ಟು, ಕೆಳಗಿನ ಅಂಚುಗಳನ್ನು ಸರಿಹೊಂದಿಸಿ ಗುಂಡುಸೂಜಿ ಚುಚ್ಚಿ. ಎಡ ಅಂಚಿನಿಂದ 4 ಸೆಂ.ಮೀ. ಬಿಟ್ಟು ಮೊದಲ ಗೆರೆಯನ್ನೂ, ಅಲ್ಲಿಂದ 3 ಸೆಂ.ಮೀ. ಅಂತರದಲ್ಲಿ ಉಳಿದ ಹತ್ತು ಗೆರೆಗಳನ್ನೂ ಸೀಮೆಸುಣ್ಣದಿಂದ ಎಳೆಯಿರಿ. ಹೊಲಿಯುವಾಗ ನಡುವಿನ ಗೆರೆಯಿಂದ ಆರಂಭಿಸಿ ಎರಡೂ ಬದಿಗೆ ಸಾಗಬೇಕು. ಒಂದು ತುದಿಯಿಂದಲೇ ಹೊಲಿಯುತ್ತಾ ಹೋದರೆ ಬಟ್ಟೆ ಸ್ವಲ್ಪಸ್ವಲ್ಪವೇ ಸರಿದು ಕೊನೆಯ ಗೂಡಿನಲ್ಲಿ ಉಬ್ಬಿ ನಿಲ್ಲುತ್ತದೆ. ಪೆನ್ನು ಎಳೆದಾಗಲೆಲ್ಲ ಜೇಬಿನ ಬಾಯಿಯ ಮೇಲೆಯೇ ಭಾರ ಬೀಳುವುದರಿಂದ, ಪ್ರತಿ ಗೆರೆಯೂ ಅಲ್ಲಿಗೆ ತಲುಪಿದಾಗ ಮೂರು ನಾಲ್ಕು ಹೊಲಿಗೆ ಹಿಂದೆ ಮುಂದೆ ಹಾಕಿ ಬಿಗಿ ಮಾಡಬೇಕು.

ಲಾಡಿಯ ವಿಷಯದಲ್ಲಿ ನಾನು ಮೊದಲ ಚೀಲದಲ್ಲಿಯೇ ಎಡವಿದೆ. ಬಟ್ಟೆಯ ಎತ್ತರದ ನಟ್ಟನಡುವೆ ಅದನ್ನು ಹೊಲಿದಿದ್ದೆ. ಮೇಲಿನ ಭಾಗವನ್ನು ಪೆನ್ನುಗಳ ಮೇಲೆ ಮಡಿಸಿದಾಗ ಚೀಲದ ಎತ್ತರ 16 ಸೆಂ.ಮೀ.ಗೆ ಇಳಿಯುತ್ತದೆ ಎಂಬುದು ಲೆಕ್ಕಕ್ಕೆ ಬಂದಿರಲಿಲ್ಲ. ಲಾಡಿ ಕುತ್ತಿಗೆಗೆ ಬಿಗಿದು, ಬುಡ ಅಗಲವಾಗಿ ಬಾಯ್ಬಿಟ್ಟುಕೊಂಡಿತು. ಆದುದರಿಂದ ಲಾಡಿಯನ್ನು ಅರ್ಧಕ್ಕೆ ಮಡಿಸಿ, ಹೊರಬಟ್ಟೆಯ ಮುಖದ ಮೇಲೆ, ಒಂದು ಪಕ್ಕದ ಅಂಚಿನಲ್ಲಿ, ಕೆಳಗಿನಿಂದ 9 ಸೆಂ.ಮೀ. ಎತ್ತರದಲ್ಲಿ ಅದರ ಮಡಿಕೆಯನ್ನಿಟ್ಟು, ತುದಿಗಳು ಒಳಮುಖವಾಗಿರುವಂತೆ ಹೊಲಿಯಿರಿ.

ಈಗ ಎರಡೂ ಪದರಗಳನ್ನು ಮುಖಕ್ಕೆ ಮುಖ ಸೇರಿಸಿ, ಲಾಡಿಯ ತುದಿಗಳು ಹೊಲಿಗೆಗೆ ಸಿಕ್ಕದಂತೆ ನಡುವೆ ಮುದುಡಿಟ್ಟು, ಸುತ್ತಲೂ 1 ಸೆಂ.ಮೀ. ಒಳಗೆ ಹೊಲಿಯಿರಿ. ತಿರುಗಿಸಲು ಬಿಡುವ 10 ಸೆಂ.ಮೀ. ಜಾಗ ಮೇಲಿನ ಅಂಚಿನಲ್ಲಿಯೇ ಇರಲಿ. ಕೆಳಗೆ ಜೇಬಿನ ಪದರಗಳಿಂದಾಗಿ ಬಟ್ಟೆ ದಪ್ಪವಾಗಿರುತ್ತದೆ. ಜೀನ್ಸ್ ಆಗಿದ್ದರೆ 16ನೇ ನಂಬರಿನ ಸೂಜಿ ಹಾಕಿಕೊಳ್ಳಬೇಕು. ಮೂಲೆಗಳನ್ನು ಹೊಲಿಗೆಗೆ ತಾಗದಂತೆ ಓರೆಯಾಗಿ ಕತ್ತರಿಸಿ, ಚೀಲವನ್ನು ಮಗುಚಿ, ಬಿಟ್ಟ ಜಾಗದ ಅಂಚನ್ನು ಒಳಕ್ಕೆ ಮಡಿಸಿ ಇಸ್ತ್ರಿ ಮಾಡಿ, ಅಂಚಿನಿಂದ 3 ಮಿ.ಮೀ. ಒಳಗೆ ಸುತ್ತಲೂ ಮತ್ತೊಂದು ಹೊಲಿಗೆ ಓಡಿಸಿದರೆ ಬಾಯಿಯೂ ಮುಚ್ಚಿಹೋಗುತ್ತದೆ.

ಶಾಯಿ ಪೆನ್ನುಗಳನ್ನು ನಿಬ್ಬು ಮೇಲ್ಮುಖವಾಗಿರುವಂತೆ ಇಟ್ಟು, ಮೇಲಿನ ಭಾಗವನ್ನು ಅವುಗಳ ಮೇಲೆ ಮಡಿಸಿ, ಲಾಡಿಯಿಲ್ಲದ ತುದಿಯಿಂದ ಸುತ್ತುತ್ತಾ ಬಂದು ಕಟ್ಟಿ.